ಒಂದು ಇಡ್ಲಿ, ಇಪ್ಪತ್ತು ನಿಮಿಷ

ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಗೆಳತಿಯೊಬ್ಬಳು ಒಂದು ಇಡ್ಲಿ ತಿನ್ನೋಕೆ ಇಪ್ಪತ್ತು ನಿಮಿಷ ತಗೋತಾಳೆ. ನಾವೆಲ್ಲ ಕೈ ತೊಳ್ಕೊಂಡು ಬಂದರೂ ಅವಳ ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿರುತ್ತೆ. ತೂಕ ಇಳಿಸುವ ಆಪರೇಷನ್ ಆಗಿ ಅವಳಿಗೆ ನಾಲ್ಕು ತಿಂಗಳು. ಮೊನ್ನೆ ಅವಳು ಎದ್ದು ಹೋಗ್ತಿದ್ದ ಹಾಗೇ ಪಕ್ಕದ ಟೇಬಲಿನಿಂದ ಒಂದು ಮಾತು ಬಂತು: "ಬಿಡಿ, ಜಿಮ್ಮಿಗೆ ಹೋಗಿ ಬೆವರು ಸುರಿಸೋ ಬದಲು ಶಾರ್ಟ್‌ಕಟ್ ಹಿಡಿದ್ಲು." ಅದು ಅವಳ ಕಿವಿಗೂ ಬಿದ್ದಿತ್ತು ಅಂತ ಆಮೇಲೆ ಗೊತ್ತಾಯ್ತು.

ನಿಜ ಹೇಳಬೇಕೆಂದರೆ, ಈ ಆಪರೇಷನ್ ಹುಟ್ಟಿದ್ದೇ ಶಾರ್ಟ್‌ಕಟ್ಟಿನ ಆಸೆಯಿಂದ. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ಸರ್ಜನ್‌ಗಳು ತಮ್ಮ ಸಂಗಡಿಗರ ಜೊತೆ, ಸಣ್ಣ ಕರುಳಿನ ಬಹುಭಾಗವನ್ನು ಬಳಸು ಹಾದಿಯಲ್ಲಿ ದಾಟಿಸುವ ವಿಧಾನದ ಬಗ್ಗೆ ಬರೆದರು. ಲೆಕ್ಕ ಸರಳ: ಆಹಾರ ಹೀರಿಕೊಳ್ಳೋದೇ ಕರುಳು, ಅದನ್ನ ಮೋಟು ಮಾಡಿದರೆ ತಿಂದದ್ದು ಮೈಗೆ ಹತ್ತೋದಿಲ್ಲ. ಅಂದರೆ ಊಟ ಬದಲಾಗಬೇಕಿಲ್ಲ. ಮುಂದೆ ಲಾಸ್ ಏಂಜಲೀಸಿನ ಪೇಯ್ನ್ ಮತ್ತು ಡಿವಿಂಡ್ ಇದನ್ನು ಜನಪ್ರಿಯ ಮಾಡಿದರು. ಹಲವು ಮೀಟರ್ ಉದ್ದದ ಕರುಳಿನಲ್ಲಿ ಆಹಾರ ಹಾಯೋಕೆ ಅವರು ಉಳಿಸಿದ್ದು ಸುಮಾರು 45 ಸೆಂಟಿಮೀಟರ್.

ತೂಕವೇನೋ ಇಳಿಯಿತು. ಜೊತೆಗೆ ನಿಲ್ಲದ ಭೇದಿ, ಕಿಡ್ನಿ ಕಲ್ಲು, ಕೀಲುನೋವು, ಕೆಲವರಿಗೆ ಲಿವರೇ ಕೈಕೊಟ್ಟಿತು. ಇದರ ಮೊದಲ ಪ್ರಯೋಗಗಳಲ್ಲಿ ಪೇಯ್ನ್ ಅವರಿಗೆ ಇನ್ನೊಂದು ಯೋಚನೆಯಿತ್ತು: ಬೇಕಾದಷ್ಟು ಇಳಿದ ಮೇಲೆ ಕರುಳನ್ನು ಮೊದಲಿನಂತೆ ಜೋಡಿಸಿಬಿಡೋದು. ಜೋಡಿಸಿದರು, ತೂಕ ವಾಪಸ್ ಬಂತು. ಈ ಕಥೆಯಲ್ಲಿ ನನಗೆ ತುಂಬಾ ಕಾಡೋ ಪ್ರಸಂಗ ಇದೇ. ಆಪರೇಷನ್ನನ್ನು ಟೆಂಪರರಿ ರಿಪೇರಿ ಅಂದುಕೊಂಡವರಿಗೆ ದೇಹ ಆಗಲೇ ಉತ್ತರ ಕೊಟ್ಟಿತ್ತು. 1980ರ ಹೊತ್ತಿಗೆ ಆ ವಿಧಾನವನ್ನು ಬಹುತೇಕ ಎಲ್ಲರೂ ಕೈಬಿಟ್ಟರು.

ಅಷ್ಟರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೆಯದೇ ಕಡೆ ನೋಡಿದ್ದರು. ಅಲ್ಸರ್‌ಗೆಂದು ಜಠರದ ಒಂದು ಭಾಗ ತೆಗೆಸಿಕೊಂಡವರು ಆಮೇಲೆ ದಪ್ಪ ಆಗೋಕೇ ಕಷ್ಟಪಡುತ್ತಿದ್ದರು. 1966ರಲ್ಲಿ ಅವರು ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿ ಬೇರ್ಪಡಿಸಿ, ನೇರ ಕರುಳಿಗೆ ಹೊಲಿದರು. ಇದೇ ಗ್ಯಾಸ್ಟ್ರಿಕ್ ಬೈಪಾಸ್. ಇಲ್ಲಿ ರೋಗಿಯ ತಟ್ಟೆಯೇ ಚಿಕ್ಕದಾಗಬೇಕು. ಸಿಹಿ ತಿಂದರಂತೂ ಅದು ಧುಮ್ಮನೆ ಕರುಳಿಗಿಳಿದು, ಎದೆ ಹೊಡೆದುಕೊಂಡು, ಬೆವರಿ, ತಲೆ ತಿರುಗಿ ಮಲಗುವ ಹಾಗಾಗಬಹುದು. ಡಾಕ್ಟರುಗಳು ಇದಕ್ಕೆ 'ಡಂಪಿಂಗ್' ಅಂತಾರೆ.

ಮುಂದೆ ಮೇಸನ್ ಅವರೇ ಇದಕ್ಕಿಂತ ಸರಳವಾದದ್ದೊಂದನ್ನು ತಂದರು. ಕರುಳನ್ನು ಮುಟ್ಟದೆ, ಜಠರದಲ್ಲೇ ಸಣ್ಣ ಚೀಲ ಮಾಡಿ ಅದರ ಬಾಯಿಗೆ ಪಟ್ಟಿ ಕಟ್ಟೋದು. ಎಂಬತ್ತರ ದಶಕದಲ್ಲಿ ಇದು ಬಹಳ ನಡೆಯಿತು. ಮಾಂಸ, ಬ್ರೆಡ್ಡು ಆ ಕಿರಿದಾದ ಬಾಯಲ್ಲಿ ಸಿಕ್ಕಿಕೊಂಡು ವಾಂತಿಯಾಗುತ್ತಿತ್ತು. ಐಸ್‌ಕ್ರೀಮ್, ಮಿಲ್ಕ್‌ಶೇಕ್ ಮಾತ್ರ ಸಲೀಸಾಗಿ ಇಳಿಯುತ್ತಿದ್ದವು. ಹಸಿದ ಮನುಷ್ಯ ಏನು ಮಾಡ್ತಾನೆ ಹೇಳಿ? 1987ರಲ್ಲಿ ವರ್ಜೀನಿಯಾದ ಹಾರ್ವೀ ಶುಗರ್‌ಮನ್ ಎರಡೂ ಆಪರೇಷನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಸಿಹಿಪ್ರಿಯರಿಗೆ ಬೈಪಾಸೇ ಹೆಚ್ಚು ಕೆಲಸ ಮಾಡಿದ್ದು ಕಂಡಿತು. (ಆ ಹೆಸರು ನಾನಿಟ್ಟದ್ದಲ್ಲ!)

ಗೆಳತಿಗೆ ಆಗಿರೋದು ಸ್ಲೀವ್: ಜಠರದ ಬಹುಪಾಲು ತೆಗೆದು ಬಾಳೆಹಣ್ಣಿನಷ್ಟು ಉಳಿಸೋದು. ಶುರುವಿನಲ್ಲಿ ಇದು ತೀರಾ ದಪ್ಪ ಇದ್ದವರಿಗೆ ದೊಡ್ಡ ಆಪರೇಷನ್ನಿನ ಮೊದಲ ಹಂತವಾಗಿತ್ತು. ಕೆಲವರಿಗೆ ಎರಡನೇ ಹಂತ ಬೇಕೇ ಆಗಲಿಲ್ಲ.

ಬೇಕಾಗಿದ್ದು ಬೇರೆ. ಮೊದಲು ನೀರು-ಗಂಜಿ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್, ಅದೂ ಒಂದು ಮೊಟ್ಟೆಯಲ್ಲಿ ಸಿಗೋದೇ 6 ಗ್ರಾಂ ಅನ್ನುವಾಗ! ನಮ್ಮ ಅನ್ನ-ಸಾರಿನಲ್ಲಿ ಆ ಲೆಕ್ಕ ಹೊಂದಿಸೋದು ಅವಳಮ್ಮನ ದಿನಾ ಬೆಳಗಿನ ತಲೆನೋವು. ಬಿ12 ಅನ್ನು ಮೈಗೆ ಹತ್ತಿಸೋ ವಸ್ತು ಜಠರದಲ್ಲೇ ಹುಟ್ಟೋದರಿಂದ ಅದನ್ನೂ ಮಾತ್ರೆ ಇಲ್ಲವೇ ಇಂಜೆಕ್ಷನ್ನಿನಲ್ಲಿ ತಗೋಬೇಕು. ಸಸ್ಯಾಹಾರಿಗಳಿಗೆ ಅದು ಮೊದಲೇ ಕಮ್ಮಿ. ವಾರಗಟ್ಟಲೆ ವಾಂತಿ ನಿಲ್ಲದಿದ್ದರೆ ಬಿ1 ಬರಿದಾಗಿ ನಡಿಗೆ, ನೆನಪು ಎರಡಕ್ಕೂ ಪೆಟ್ಟು ಬೀಳುತ್ತೆ. ಟೀಮ್ ಪಾರ್ಟಿಯ ಒಂದು ಗ್ಲಾಸ್ ಕೂಡ ಮೊದಲಿಗಿಂತ ಬೇಗ ನೆತ್ತಿಗೇರಬಹುದು. ಕೂದಲು ಉದುರಿದ್ದನ್ನ ಅವಳು ನನಗೆ ಮಾತ್ರ ಹೇಳಿದ್ದಳು.

ಹಾಗಾದರೆ ಇದೆಲ್ಲ ಯಾಕೆ ಬೇಕು ಅಂತ ನೀವು ಕೇಳಬಹುದು. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಅಧ್ಯಯನವೊಂದು ಆಪರೇಷನ್ ಆದವರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಒಂದೆರಡು ವರ್ಷ ಕಳೆದ ಮೇಲೆ ಸ್ವಲ್ಪ ತೂಕ ಮರಳಿ ಬಂದದ್ದು ಕಂಡಿತು. ಆದರೂ ವಯಸ್ಸು, ಕಾಯಿಲೆ ಮೊದಲಾದವನ್ನು ಲೆಕ್ಕಕ್ಕೆ ಹಿಡಿದಾಗ, ಸಾಯುವ ಅಪಾಯ ಆಪರೇಷನ್ ಆಗದವರಿಗಿಂತ ಸುಮಾರು 29 ಶೇಕಡಾ ಕಡಿಮೆಯಿತ್ತು. 2007ರಲ್ಲಿ ಈ ವರದಿ ಬಂತು. ಗೆಳತಿಯ ಅಪ್ಪ ಐವತ್ತೆರಡಕ್ಕೇ ಹಾರ್ಟ್ ಅಟ್ಯಾಕಿನಿಂದ ಹೋದವರು. ಅವಳಿಗೆ ಮೂವತ್ನಾಲ್ಕಕ್ಕೇ ಶುಗರ್ ಬಂದಿತ್ತು.

ಪಕ್ಕದ ಟೇಬಲಿಗೆ ಇದನ್ನೆಲ್ಲ ಹೇಳೋಣ ಅಂದೆ. "ಬೇಡ ಕಣೇ, ಮಾತಾಡ್ತಾ ತಿಂದ್ರೆ ಗಂಟಲಲ್ಲಿ ಸಿಕ್ಕೊಳ್ಳುತ್ತೆ" ಅಂದ್ಲು. ಈಗ ನಾನೇ ನಿಧಾನಕ್ಕೆ ತಿಂತೀನಿ, ಅವಳು ಮುಗಿಸೋವರೆಗೆ.