ಸ್ಟೋಯಿಕ್ ದರ್ಶನ

ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿ ಹುಟ್ಟಿ ರೋಮಿನಲ್ಲಿ ಬೆಳೆದ ತತ್ತ್ವಪಂಥ. ಸ್ಥಾಪಕ ಸೈಪ್ರಸ್ಸಿನ ಕಿಟಿಯಮ್ ಪಟ್ಟಣದ ಜೀನೋ. ಹಡಗು ಒಡೆದು ಸರಕನ್ನೆಲ್ಲ ಕಳೆದುಕೊಂಡ ಈತ ಅಥೆನ್ಸಿನ ಪುಸ್ತಕದಂಗಡಿಯೊಂದರಲ್ಲಿ ಸಾಕ್ರಟೀಸನ ವಿಷಯ ಕೇಳಿ ತತ್ತ್ವಚಿಂತನೆಗೆ ತಿರುಗಿದನೆಂದು ಡಯೋಜಿನಿಸ್ ಲೇರ್ಷಿಯಸ್ ಹೇಳುತ್ತಾನೆ. ಆತ ಬರೆದದ್ದು ಸುಮಾರು ಐದು ಶತಮಾನಗಳ ನಂತರ. ಕಥೆಯನ್ನು ಹಾಗೆಯೇ ನಂಬಬೇಕಾಗಿಲ್ಲ. ಜೀನೋ ಪಾಠ ಹೇಳುತ್ತಿದ್ದುದು ಊರ ಚೌಕದ ಪಕ್ಕದ 'ಸ್ಟೋವಾ ಪೊಯಿಕಿಲೆ' ಎಂಬ ಚಿತ್ರಮಂಟಪದಲ್ಲಿ. ಪಂಥದ ಹೆಸರು ಅಲ್ಲಿಂದಲೇ ಬಂತು.

ಸ್ಟೋಯಿಕ್ ಚಿಂತನೆ ಕಷ್ಟಕಾಲದ ಆಸರೆ ಎಂದೇ ಇಂದು ಹೆಸರಾಗಿದೆ. ಮೊದಲಿಗೆ ಅದರ ಹರಹು ಇನ್ನೂ ದೊಡ್ಡದಿತ್ತು: ತರ್ಕ, ಪ್ರಕೃತಿವಿಚಾರ, ನೀತಿ ಮೂರೂ ಕೂಡಿದ ಪೂರ್ಣ ದರ್ಶನ ಅದು. ರಾತ್ರಿ ತೋಟಗಳಿಗೆ ನೀರು ಸೇದಿ ಹಗಲು ಪಾಠ ಕೇಳುತ್ತಿದ್ದ ಕ್ಲಿಯಾಂತಿಸ್ ಜೀನೋನ ನಂತರ ಪಂಥದ ಮುಖ್ಯಸ್ಥನಾದ. ಅವನ ಬಳಿಕ ಬಂದ ಕ್ರಿಸಿಪಸ್ 705 ಗ್ರಂಥ ಬರೆದನೆಂದು ಪ್ರತೀತಿ. ಒಂದೂ ಇಡಿಯಾಗಿ ಉಳಿದಿಲ್ಲ. ಜಗತ್ತನ್ನು ವಿವೇಕವೊಂದು ನಡೆಸುತ್ತದೆ, ಸದ್ಗುಣವೊಂದೇ ನಿಜವಾದ ಒಳಿತು, ಆರೋಗ್ಯ ಐಶ್ವರ್ಯಗಳು ಬೇಕೆನಿಸಿದರೂ ಸುಖದ ಅಳತೆಗೋಲಲ್ಲ ಎಂಬುದು ಇವರ ಮತ. ಭಯ, ದುಃಖ, ಕೋಪಗಳು ಹುಟ್ಟುವುದು ಘಟನೆಯಿಂದಲ್ಲ, ಅದರ ಬಗ್ಗೆ ನಾವು ಕೊಟ್ಟುಕೊಳ್ಳುವ ತೀರ್ಪಿನಿಂದ ಎಂದರು. ಇದನ್ನು ಕಲ್ಲೆದೆಯ ಬೋಧೆ ಎನ್ನುವುದು ತಪ್ಪು. ವಿವೇಕದಿಂದ ಹುಟ್ಟಿದ ಸಂತೋಷಕ್ಕೂ ಎಚ್ಚರಕ್ಕೂ ಅವರಲ್ಲಿ ಜಾಗವಿತ್ತು.

ಕ್ರಿ.ಪೂ. 155ರಲ್ಲಿ ಅಥೆನ್ಸಿನ ರಾಯಭಾರಿಗಳಲ್ಲೊಬ್ಬನಾಗಿ ಇದೇ ಪಂಥದ ಬ್ಯಾಬಿಲೋನಿನ ಡಯೋಜಿನಿಸ್ ರೋಮಿಗೆ ಹೋದ. ಅಲ್ಲಿಂದ ಮುಂದೆ ನೀತಿಯ ಭಾಗವೇ ಪ್ರಧಾನವಾಯಿತು. ಇಡಿಯಾಗಿ ನಮ್ಮ ಕೈ ಸೇರಿದ ಗ್ರಂಥಗಳು ಬಹುಮಟ್ಟಿಗೆ ರೋಮನ್ ಕಾಲದವು. ಬರೆದವರು ಪೆಟ್ಟು ತಿಂದವರು.

ಸೆನೆಕಾ ಕ್ರಿ.ಶ. 41ರಿಂದ ಎಂಟು ವರ್ಷ ಕಾರ್ಸಿಕಾ ದ್ವೀಪದಲ್ಲಿ ಗಡಿಪಾರಾಗಿದ್ದ. ತಾಯಿಗೆ ಧೈರ್ಯ ಹೇಳಿ ಬರೆದ ಇದೇ ಮನುಷ್ಯ, ವಾಪಸು ಕರೆಸಿಕೊಳ್ಳಲೆಂದು ಚಕ್ರವರ್ತಿಯ ಆಪ್ತ ಪಾಲಿಬಿಯಸನನ್ನು ಹೊಗಳಿಯೂ ಬರೆದ. ಮುಂದೆ ನೀರೋನ ಗುರುವಾಗಿ ಅಪಾರ ಸಂಪತ್ತು ಕೂಡಿಹಾಕಿದಾಗ ಜನ ಆಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. 65ರಲ್ಲಿ ನೀರೋನ ಆಜ್ಞೆಯಂತೆ ಆತ್ಮಹತ್ಯೆ ಮಾಡಿಕೊಂಡ.

ಎಪಿಕ್ಟಿಟಸ್ ಈಗಿನ ತುರ್ಕಿಯ ಹೀರಾಪೊಲಿಸ್‌ನಲ್ಲಿ ಹುಟ್ಟಿದವನು. ಗುಲಾಮನಾಗಿದ್ದ, ಕಾಲು ಊನ. ಬಿಡುಗಡೆಯಾದ ಮೇಲೆ ರೋಮಿನಲ್ಲಿ ಪಾಠ ಹೇಳುತ್ತಿದ್ದವನನ್ನು, ಚಕ್ರವರ್ತಿ ಡೊಮಿಷಿಯನ್ ತತ್ತ್ವಜ್ಞರನ್ನೆಲ್ಲ ಹೊರಹಾಕಿದಾಗ, ಗ್ರೀಸಿನ ನಿಕೊಪೊಲಿಸ್ ಬರಮಾಡಿಕೊಂಡಿತು. ತಾನಾಗಿ ಏನನ್ನೂ ಬರೆಯಲಿಲ್ಲ. ಶಿಷ್ಯ ಏರಿಯನ್ ಬರೆದಿಟ್ಟುಕೊಂಡದ್ದರಿಂದ ಮಾತುಗಳು ಉಳಿದವು. ನಮ್ಮ ಅಧೀನದಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರ್ಪಡಿಸುವುದೇ ಅವನ ಪಾಠದ ತಿರುಳು. ಒಮ್ಮೆ ಅವನ ಮನೆಯ ಕಬ್ಬಿಣದ ದೀಪ ಕಳವಾಯಿತು. ನಾಳೆ ಮಣ್ಣಿನದು ತಂದರಾಯಿತು ಎಂದುಕೊಂಡು ಸುಮ್ಮನಾದ. ಅವನು ಸತ್ತ ಮೇಲೆ ಆ ಮಣ್ಣಿನ ದೀಪವನ್ನು ಒಬ್ಬ 3,000 ದ್ರಾಕ್ಮಾ ಕೊಟ್ಟು ಕೊಂಡನೆಂದು ವಿಡಂಬನಕಾರ ಲೂಷಿಯನ್ ಗೇಲಿ ಮಾಡಿದ್ದಾನೆ. ಗುರುವಿನ ಪಾಠ ಕೊಂಡವನ ತಲೆಗೆ ಹತ್ತಿರಲಿಲ್ಲ.

161ರಲ್ಲಿ ಪಟ್ಟಕ್ಕೆ ಬಂದ ಮಾರ್ಕಸ್ ಅರೇಲಿಯಸ್ ಎಪಿಕ್ಟಿಟಸನನ್ನು ಓದಿಕೊಂಡವನು. ಸಾಮ್ರಾಜ್ಯದಲ್ಲಿ ಸಾಂಕ್ರಾಮಿಕ ಹಬ್ಬಿತ್ತು, ಡ್ಯಾನ್ಯೂಬ್ ಗಡಿಯಲ್ಲಿ ಯುದ್ಧ. ಹಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದರು. 'ಧ್ಯಾನಗಳು' ಎಂದು ನಾವು ಓದುವ ಪುಸ್ತಕ ಆತ ಗ್ರೀಕಿನಲ್ಲಿ ತನಗಾಗಿ ಬರೆದುಕೊಂಡ ಟಿಪ್ಪಣಿ.

ನಂತರ ಪಂಥ ಕ್ಷೀಣಿಸಿದರೂ ಎಪಿಕ್ಟಿಟಸನ ಮಾತುಗಳ 'ಕೈಪಿಡಿ'ಯನ್ನು ಕ್ರೈಸ್ತ ಸನ್ಯಾಸಿಗಳು ತಿದ್ದಿ ಬಳಸಿದರು. ನೆದರ್ಲೆಂಡ್ಸ್ ಪ್ರಾಂತಗಳು ಅಂತರ್ಯುದ್ಧದಲ್ಲಿ ಬೇಯುತ್ತಿದ್ದಾಗ, 1584ರಲ್ಲಿ, ಯುಸ್ಟಸ್ ಲಿಪ್ಸಿಯಸ್ ಸ್ಥೈರ್ಯದ ಬಗ್ಗೆ ಪುಸ್ತಕ ಬರೆದು ಈ ವಿಚಾರವನ್ನು ಮತ್ತೆ ಎತ್ತಿದ. 1965ರಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಸೆರೆಸಿಕ್ಕ ಅಮೆರಿಕದ ವಿಮಾನಚಾಲಕ ಜೇಮ್ಸ್ ಸ್ಟಾಕ್‌ಡೇಲ್ ಏಳು ವರ್ಷಕ್ಕೂ ಮೀರಿದ ಬಂಧನ, ಚಿತ್ರಹಿಂಸೆಗಳನ್ನು ತಾಳಿಕೊಳ್ಳಲು ಹಿಂದೆ ಓದಿದ್ದ ಎಪಿಕ್ಟಿಟಸನೇ ನೆರವಾದನೆಂದು ಬರೆದಿದ್ದಾನೆ. ಆಲ್ಬರ್ಟ್ ಎಲ್ಲಿಸ್, ಆರನ್ ಬೆಕ್ ರೂಪಿಸಿದ ಮನೋಚಿಕಿತ್ಸೆಗಳೂ ತಮ್ಮ ಮೂಲವನ್ನು ಸ್ಟೋಯಿಕರಲ್ಲಿ ಗುರುತಿಸುತ್ತವೆ. ಭಾವನೆ ತೀರ್ಪಿನಿಂದ ಹುಟ್ಟುತ್ತದೆ ಎಂಬುದನ್ನು ಇಟ್ಟುಕೊಂಡು, ಜಗತ್ತನ್ನು ನಡೆಸುವ ವಿವೇಕದ ಮಾತನ್ನು ಅವು ಕೈಬಿಟ್ಟಿವೆ.