ಮರ ಕಡಿಯುವವನು ಯಾರ ಆಳು?

ಕಾಡಿನಲ್ಲಾಗಲಿ ಊರಿನಲ್ಲಾಗಲಿ, ಒಂದು ದೊಡ್ಡ ಮರ ಉರುಳಿದಾಗ ಅದನ್ನು ಕಡಿದವರು ಯಾರೆಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಕಡಿಯಲು ಅಪ್ಪಣೆ ಕೊಟ್ಟವರು ಒಬ್ಬರು, ಗುತ್ತಿಗೆ ಹಿಡಿದವರು ಇನ್ನೊಬ್ಬರು, ಕೊಡಲಿ ಬೀಸಿದವನು ಮತ್ತೊಬ್ಬ. ಇವರ ನಡುವೆ ಮುಂಗಡ ಕೊಟ್ಟು ಆಳು ಕರೆತಂದ ಮೇಸ್ತ್ರಿ, ಒಳಗುತ್ತಿಗೆ ಪಡೆದವನು, ಬಾಡಿಗೆಗೆ ಆನೆಯನ್ನೋ ಕ್ರೇನನ್ನೋ ಕೊಟ್ಟವನು ಇರುತ್ತಾರೆ. ಕೆಲಸ ಸುಸೂತ್ರವಾಗಿ ಮುಗಿದರೆ ಈ ಸರಪಳಿ ಯಾರ ಕಣ್ಣಿಗೂ ಬೀಳದು. ಮರ ದಿಕ್ಕು ತಪ್ಪಿ ಬಿದ್ದ ದಿನ ಮಾತ್ರ, ಅವನು ಯಾರ ಆಳು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಪಶ್ಚಿಮ ಕರಾವಳಿಯಲ್ಲಿ ಕನಿಷ್ಠ ಇನ್ನೂರು ವರ್ಷಗಳ ಇತಿಹಾಸವಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹಡಗು ಕಟ್ಟಲು ತೇಗ ಬೇಕಾಗಿತ್ತು. ಬ್ರಿಟನ್ನಿನ ಓಕ್ ಮರ ಸಾಲದಾದಾಗ ಮುಂಬಯಿಯ ಹಡಗುಕಟ್ಟೆ ಮಲಬಾರಿನ ಕಾಡುಗಳತ್ತ ನೋಡಿತು. 1817ರಲ್ಲಿ ಅಲ್ಲಿ ವಾಡಿಯಾ ಮನೆತನದ ಕುಶಲಕರ್ಮಿಗಳು ತೇಗದಲ್ಲಿ ಕಟ್ಟಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿದೆ. 1806ರಲ್ಲಿ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹೆಸರು ಸಂರಕ್ಷಕ, ಕೆಲಸ ನಾಟಾ ಒದಗಿಸುವುದು! ಅಲ್ಲಿಯವರೆಗೆ ವ್ಯಾಪಾರಿಗಳು ಭೂಮಾಲೀಕರಿಂದ ಮರಗಳನ್ನು ಪಡೆದು, ಬೆಟ್ಟದ ಜನರಿಂದ ಕಡಿಸಿ, ಮಳೆಗಾಲದ ಹೊಳೆಯಲ್ಲಿ ತೇಲಿಬಿಟ್ಟು ಬಂದರಿಗೆ ತರುತ್ತಿದ್ದರು. ಕಂಪನಿ ಈ ವ್ಯವಹಾರದ ಏಕಸ್ವಾಮ್ಯವನ್ನು ಕಿತ್ತುಕೊಂಡಿತಾದರೂ ಜನರ ಅಸಮಾಧಾನ ಹೆಚ್ಚಿ, ಥಾಮಸ್ ಮನ್ರೋ ಮದ್ರಾಸಿನ ಗವರ್ನರ್ ಆಗಿದ್ದಾಗ ಅದನ್ನು ಕೈಬಿಡಬೇಕಾಯಿತು.

ರೈಲು ಬಂದ ಮೇಲೆ ಬೇಡಿಕೆಯ ಸ್ವರೂಪವೇ ಬದಲಾಯಿತು. ಒಂದು ಮೈಲಿ ಹಳಿಗೆ ಎರಡು ಸಾವಿರದ ಹತ್ತಿರ ಮರದ ಸ್ಲೀಪರುಗಳು ಬೇಕಾಗುತ್ತಿದ್ದವು. ಇಷ್ಟು ಮರ ಒದಗಿಸುವಷ್ಟು ಆಳುಗಳನ್ನು ವರ್ಷವಿಡೀ ಸಂಬಳ ಕೊಟ್ಟು ಸಾಕುವುದು ಯಾವ ಇಲಾಖೆಗೂ ಬೇಡವಾಗಿತ್ತು. ಕೂಪುಗಳ ಹರಾಜು, ಗುತ್ತಿಗೆ, ಒಳಗುತ್ತಿಗೆಗಳು ಬೆಳೆದದ್ದು ಹೀಗೆ.

ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಬಾಡಿಗೆಯೆಂದರೆ ಆನೆಯದು. ಎತ್ತುಗಳು ಇಳಿಯಲಾಗದ ಕಡಿದಾದ ಕಮರಿಯಿಂದ ದಿಮ್ಮಿ ಎಳೆಯಲು ಆನೆಯೇ ಬೇಕು. ಆದರೆ ಆನೆಯನ್ನು ಕೊಡಲಿಯಂತೆ ಎರವಲು ತರಲಾಗದು. ಅದು ಬರುವುದು ಮಾವುತನೊಂದಿಗೆ. ಮಲಬಾರಿನ ಆನೆಗಳು ದಿಮ್ಮಿಗೆ ಕಟ್ಟಿದ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದವು. ಹಗ್ಗ ಜಾರಿದರೆ ಅಥವಾ ದಿಮ್ಮಿ ಇಳಿಜಾರಿನಲ್ಲಿ ಹಿಂದಿನಿಂದ ಉರುಳಿ ಬಂದರೆ ಆನೆಗೂ ಮಾವುತನಿಗೂ ಒಟ್ಟಿಗೆ ಅಪಾಯ. ಬಿಸಿಲೇರಿದ ಮೇಲೆ ಆನೆ ದುಡಿಯಲಾರದು; ಅದಕ್ಕೆ ನೀರು ಬೇಕು, ನೆರಳು ಬೇಕು, ಹೊಟ್ಟೆ ತುಂಬ ಮೇವು ಬೇಕು. ಬಾಡಿಗೆ ಕೊಟ್ಟವನಿಗೆ ಇನ್ನೆರಡು ದಿಮ್ಮಿ ಸಾಗಲಿ ಎಂಬ ಆತುರ. ಒಡೆಯ ದೂರದ ಮನೆಯಲ್ಲಿ. ಯಾವ ದಿಮ್ಮಿ ಎಳೆಯಬೇಕೆಂದು ಗುತ್ತಿಗೆದಾರ ಹೇಳಬಹುದು, ಹೇಗೆ ಎಳೆಯಬೇಕೆಂದು ಹೇಳಲಾರ. ಅದು ಮಾವುತನೊಬ್ಬನಿಗೆ ಬಿಟ್ಟ ವಿಷಯ.

ಇದೇ ತೊಡಕು 1946ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠದ ಮುಂದೆ ಬಂತು. ಅಲ್ಲಿ ಆನೆಯ ಬದಲು ಕ್ರೇನ್ ಇತ್ತು, ಅಷ್ಟೆ. ಲಿವರ್‌ಪೂಲ್ ಬಂದರು ಮಂಡಳಿ ಹಡಗಿನ ಸರಕು ಇಳಿಸುವ ಕಂಪನಿಯೊಂದಕ್ಕೆ ಚಾಲಕನ ಸಮೇತ ಕ್ರೇನನ್ನು ಬಾಡಿಗೆಗೆ ಕೊಟ್ಟಿತ್ತು. ಚಾಲಕನನ್ನು ಬಾಡಿಗೆದಾರರ ನೌಕರನೆಂದೇ ಪರಿಗಣಿಸತಕ್ಕದ್ದೆಂದು ಕರಾರಿನಲ್ಲಿ ಬರೆದಿತ್ತು. ಚಾಲಕನ ಅಜಾಗರೂಕತೆಯಿಂದ ಒಬ್ಬನಿಗೆ ಪೆಟ್ಟಾಯಿತು. ಯಾವ ಸರಕನ್ನು ಎತ್ತಬೇಕೆಂದು ಬಾಡಿಗೆದಾರರು ಹೇಳಬಹುದಿತ್ತು, ಯಂತ್ರವನ್ನು ಹೇಗೆ ನಡೆಸಬೇಕೆಂದು ಹೇಳುವ ಅಧಿಕಾರ ಅವರಿಗಿರಲಿಲ್ಲ. ಆದ್ದರಿಂದ ಹೊಣೆ ಮಂಡಳಿಯದೇ ಎಂದು ಪೀಠ ತೀರ್ಮಾನಿಸಿತು. ಕರಾರಿನಲ್ಲಿ ಬರೆದ ಮಾತಿನಿಂದ ಪೆಟ್ಟು ತಿಂದವನ ಹಕ್ಕು ಅಳಿಸಿಹೋಗಲಿಲ್ಲ. ಚಾಲಕನ ಸಮೇತ ಯಂತ್ರ ಬಾಡಿಗೆಗೆ ಕೊಡುವವರ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ತೀರ್ಪು ಇದು.

ಅದೇ ವರ್ಷ ಇತ್ತ ಠಾಣೆ ಜಿಲ್ಲೆಯ ಕಾಡುಗಳಲ್ಲಿ ವಾರಲಿ ಕೂಲಿಗಳು ಗುತ್ತಿಗೆದಾರರ ಕೆಲಸಕ್ಕೆ ಹೋಗದೆ ಮುಷ್ಕರ ಹೂಡಿದ್ದರು. ಕಿಸಾನ್ ಸಭಾದ ಗೋದಾವರಿ ಪರುಳೇಕರ್ ಮೊದಲಾದವರ ನಾಯಕತ್ವದಲ್ಲಿ ನಡೆದ ಆ ಹೋರಾಟದ ಮುಂದೆ ನಾಟಾ ವ್ಯಾಪಾರಿಗಳ ಸಂಘ ಮಣಿಯಿತು. ಒಪ್ಪಿಕೊಂಡ ಕನಿಷ್ಠ ದಿನಗೂಲಿ ಒಂದೂಕಾಲು ರೂಪಾಯಿ. ಬಿ.ಜಿ. ಖೇರ್ ಅವರ ಮುಂಬಯಿ ಸರ್ಕಾರ ಆ ಬಳಿಕ ಕಾಡಿನ ಕೂಲಿಗಳ ಸಹಕಾರ ಸಂಘಗಳನ್ನು ಕಟ್ಟತೊಡಗಿತು. ಗುತ್ತಿಗೆದಾರನನ್ನು ಬದಿಗಿಟ್ಟು ಕಡಿಯುವವರೇ ಕೂಪು ಹಿಡಿಯಲಿ ಎಂಬುದು ಅದರ ಹಿಂದಿನ ವಿಚಾರ. ಉತ್ತರ ಕನ್ನಡ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ವಿಚಾರ ಒಳ್ಳೆಯದೇ, ಆದರೆ ಗುತ್ತಿಗೆದಾರ ಅಷ್ಟು ಸುಲಭವಾಗಿ ಕಾಡು ಬಿಟ್ಟು ಹೋಗಲಿಲ್ಲ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ನಿಂತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಒಂದು ಮರ ಉರುಳಿಸುವಾಗ ಸುತ್ತಲಿನ ಹತ್ತಾರು ಮರಗಳು ಮುರಿಯುತ್ತವೆ ಎಂಬುದು ಅವರ ಆಕ್ಷೇಪಗಳಲ್ಲಿ ಮುಖ್ಯವಾದದ್ದು. ಬೀಳಬೇಕಾದ ದಿಕ್ಕಿನಲ್ಲಿ ಮೊದಲು ಕಚ್ಚು ಹಾಕಿ, ಎದುರು ಬದಿಯಿಂದ ಗರಗಸ ಎಳೆದು, ಹಗ್ಗದಿಂದ ಹಿಡಿತ ಇಟ್ಟುಕೊಂಡರೆ ಮರವನ್ನು ಬೇಕಾದ ಕಡೆಗೆ ಬೀಳಿಸಬಹುದು. ಇದಕ್ಕೆ ಹೊತ್ತು ಬೇಕು. ಉರುಳಿದ ನಾಟಾದ ಅಳತೆಗೆ ತಕ್ಕಂತೆ ಕೂಲಿ ಸಿಗುವ ಕಡೆ ಹೊತ್ತು ಕಳೆಯುವವನ ಕೈ ಬರಿದು. ತಪ್ಪನ್ನು ಕೊಡಲಿಯವನ ತಲೆಗೆ ಕಟ್ಟುವುದು ಸುಲಭ. ಆ ಲೆಕ್ಕ ಹಾಕಿದವನು ಕಾಡಿಗೆ ಬಂದಿರುವುದೇ ಇಲ್ಲ.

ಈಗ ಈ ಸರಪಳಿ ಊರೊಳಗೂ ಇದೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಅಪ್ಪಣೆ ಸಿಕ್ಕ ಮೇಲೆ ಗುತ್ತಿಗೆದಾರ ಗಂಟೆಯ ಲೆಕ್ಕದಲ್ಲಿ ಕ್ರೇನ್ ತರಿಸುತ್ತಾನೆ, ಗರಗಸದ ಯಂತ್ರ ಇನ್ನೊಬ್ಬನದು, ಕೊಂಬೆ ಹತ್ತುವವನನ್ನು ಆ ದಿನಕ್ಕೆಂದು ಕರೆಸಿರುತ್ತಾರೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ 12ನೆಯ ಕಲಂ ಗುತ್ತಿಗೆದಾರನ ಆಳಿಗೆ ಪೆಟ್ಟಾದರೂ ಕೆಲಸ ಕೊಟ್ಟ ಮೂಲ ಮಾಲೀಕನೇ ಪರಿಹಾರ ಕೊಡಬೇಕೆಂದು ಹೇಳಿತ್ತು. ಆ ಕೆಲಸ ಮಾಲೀಕನ ವೃತ್ತಿ–ವ್ಯಾಪಾರದ ಭಾಗವಾಗಿರಬೇಕು ಎಂಬುದು ಅದರ ಷರತ್ತು. ಹಿತ್ತಲ ಮಾವಿನ ಮರ ಕಡಿಸುವ ಮನೆಯೊಡೆಯ ಇದಕ್ಕೆ ಹೊರಗು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇಪ್ಪತ್ತು ಅಥವಾ ಹೆಚ್ಚು ಆಳುಗಳಿದ್ದರೆ ಅನ್ವಯವಾಗುತ್ತಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು ಐವತ್ತಕ್ಕೆ ಏರಿಸಿತು. ಮರ ಕಡಿಯಲು ಬರುವ ತಂಡದಲ್ಲಿ ಇರುವುದು ನಾಲ್ಕೋ ಐದೋ ಜನ.

ಕೂಲಿಯ ಬದಲು ಮರದ ತುಂಡುಗಳನ್ನೇ ಕೊಂಡೊಯ್ಯುವ ಒಪ್ಪಂದವೂ ಉಂಟು. ಬೆಲೆಬಾಳುವ ಬೊಡ್ಡೆ ಮೊದಲು ಲಾರಿ ಏರುತ್ತದೆ, ಕೊಂಬೆರೆಂಬೆ ಸೌದೆಗೆ ಹೋಗುತ್ತದೆ, ಸೊಪ್ಪು ರಸ್ತೆ ಬದಿಯಲ್ಲಿ ಒಣಗುತ್ತದೆ. ಬುಡ ಅಗೆದು ತೆಗೆಯುವುದು ಮಾತ್ರ ಬೇರೆ ಗುತ್ತಿಗೆ. ಅದು ಯಾರಿಗೂ ಬೇಡವಾಗಿ ಎಷ್ಟೋ ಕಡೆ ಪಾದಚಾರಿ ಮಾರ್ಗದ ನಡುವೆ ಹಾಗೆಯೇ ಉಳಿದು, ಮುಂದಿನ ಮಳೆಗೆ ಚಿಗುರುತ್ತದೆ.