ನೋವಿನ ಮಾತ್ರೆಯ ಚಟ: ಕಾನೂನು ನಡೆದ ದಾರಿ, ಚಿಕಿತ್ಸೆ ನಡೆದ ದಾರಿ

ಪಾಯಸಕ್ಕೆ ಗಸಗಸೆ ಕೊಡುವ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾಗಿ ಅಫೀಮಾಗುತ್ತದೆ. ಅದರಿಂದ ದೊರೆಯುವ ಮಾರ್ಫಿನ್, ಕೊಡೀನ್‌ಗಳನ್ನೂ, ಅವುಗಳಂತೆಯೇ ಮಿದುಳಿನ ಮೇಲೆ ವರ್ತಿಸುವಂತೆ ಪ್ರಯೋಗಾಲಯದಲ್ಲಿ ರೂಪಿಸಿದ ಪೆಂಟಜೋಸಿನ್, ಟ್ರಮಡಾಲ್, ಟ್ಯಾಪೆಂಟಡಾಲ್ ಮುಂತಾದವುಗಳನ್ನೂ ಒಟ್ಟಾಗಿ ಒಪಿಯಾಯ್ಡ್‌ಗಳೆನ್ನುತ್ತಾರೆ. ಇವು ನೋವನ್ನು ತಗ್ಗಿಸುವುದರ ಜೊತೆಗೆ ಹಿತವನ್ನೂ ಉಂಟುಮಾಡುತ್ತವೆ. ಸತತವಾಗಿ ಸೇವಿಸಿದರೆ ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುವ ಸ್ಥಿತಿ, ಅಂದರೆ ಸಹಿಷ್ಣುತೆ, ಬೆಳೆಯುತ್ತದೆ. ಆಮೇಲೆ ಥಟ್ಟನೆ ನಿಲ್ಲಿಸಿದರೆ ಆಕಳಿಕೆ, ಕಣ್ಣುಮೂಗಿನಲ್ಲಿ ನೀರು, ಮೈಕೈ ಸೆಳೆತ, ಭೇದಿ, ನಿದ್ರಾಹೀನತೆಗಳೆಂಬ ಹಿಂತೆಗೆತದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಬೆಂಗಳೂರಿನ ದಂಡು ಪ್ರದೇಶದ ಶಿವಾಜಿನಗರದಲ್ಲಿ ಕಮಿಷನರ್ ಬೌರಿಂಗ್‌ನ ಹೆಸರಿನ ಆಸ್ಪತ್ರೆ ತಲೆಯೆತ್ತಿದ 1860ರ ದಶಕದಲ್ಲಿ, ಆಗಷ್ಟೇ ಬಳಕೆಗೆ ಬಂದಿದ್ದ ಸೂಜಿ ಮತ್ತು ಮಾರ್ಫಿನ್‌ಗಳ ಜೋಡಿ ಜಗತ್ತಿನ ಆಸ್ಪತ್ರೆಗಳಲ್ಲಿ ಹರಡುತ್ತಿತ್ತು. ಅಲ್ಲಿಂದ ಮುಂದಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಭಾರತದಲ್ಲಿ ಅಫೀಮಿನ ಮೇಲಿನ ನಿಯಂತ್ರಣ ಬಿಗಿಯಾಗುತ್ತಲೇ ಬಂದು, 1985ರ ಮಾದಕವಸ್ತು ಕಾಯ್ದೆಯಲ್ಲಿ ಅತ್ಯಂತ ಕಠಿಣ ರೂಪ ತಾಳಿತು. ಮಾರ್ಫಿನ್ ಇಡಲು ಹಲವು ಪರವಾನಗಿಗಳು ಬೇಕಾದವು, ಲೆಕ್ಕ ತಪ್ಪಿದರೆ ಜೈಲಿನ ಭಯವಿತ್ತು; ಹೀಗಾಗಿ ಔಷಧದಂಗಡಿಗಳೂ ಆಸ್ಪತ್ರೆಗಳೂ ಅದನ್ನು ಕೈಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಸುಮಾರು 18 ಕಿಲೋಗ್ರಾಂಗೆ ಕುಸಿದಿತ್ತು. ಪರದೇಶಗಳ ಔಷಧ ಕಾರ್ಖಾನೆಗಳಿಗೆ ಕಾನೂನುಬದ್ಧ ಅಫೀಮನ್ನು ಬೆಳೆದು ಕಳಿಸುತ್ತಿದ್ದ ದೇಶದ ಸ್ಥಿತಿ ಇದು.

ಈ ಕೊರತೆಯ ಬಿಸಿ ಹೆಚ್ಚಾಗಿ ತಟ್ಟಿದ್ದು ಕ್ಯಾನ್ಸರ್ ರೋಗಿಗಳಿಗೆ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ 1994ರಲ್ಲಿ ಜೊತೆಗೂಡಿ ಸ್ಥಾಪಿಸಿದ ಟ್ರಸ್ಟು, 1999ರಲ್ಲಿ ಮಾರತಹಳ್ಳಿ ಸಮೀಪದ ಕುಂದಲಹಳ್ಳಿಯಲ್ಲಿ ‘ಕರುಣಾಶ್ರಯ’ವನ್ನು ತೆರೆದು, ಗುಣವಾಗುವ ಹಂತ ದಾಟಿದವರಿಗೆ ಉಚಿತ ಉಪಶಮನ ಆರೈಕೆಯನ್ನು ಆರಂಭಿಸಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ ಆರು ಔಷಧಗಳನ್ನು ‘ಅಗತ್ಯ’ವೆಂದು ಗುರುತಿಸಿ ಪರವಾನಗಿಯನ್ನು ಸರಳಗೊಳಿಸಿದ ತಿದ್ದುಪಡಿ ಬರಲು ಮಾತ್ರ 2014ರವರೆಗೆ ಕಾಯಬೇಕಾಯಿತು.

ಮಾರ್ಫಿನ್‌ಗೆ ಬೀಗ ಬಿದ್ದಿದ್ದ ಈ ಕಾಲದಲ್ಲೇ ಇತರ ಒಪಿಯಾಯ್ಡ್‌ಗಳು ಸಾಮಾನ್ಯ ಔಷಧದಂಗಡಿಗಳ ಕಪಾಟಿನಲ್ಲಿದ್ದವು ಎಂಬುದು ಈ ಚರಿತ್ರೆಯ ವಿಪರ್ಯಾಸ. ‘ಸ್ಪಾಸ್ಮೋ ಪ್ರಾಕ್ಸಿವಾನ್’ ಹೆಸರಿನಿಂದ ಪ್ರಸಿದ್ಧವಾದ ಗುಳಿಗೆಯ ಡೆಕ್ಸ್ಟ್ರೊಪ್ರೊಪಾಕ್ಸಿಫೀನ್ ಅಂಶವನ್ನು 2013ರಲ್ಲಿ ನಿಷೇಧಿಸಲಾಯಿತು. ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದಿತು. ಆ ಆದೇಶದಲ್ಲಿ ಟ್ಯಾಪೆಂಟಡಾಲ್ ಇರಲಿಲ್ಲ. ಅದೇ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಔಷಧವಿಜ್ಞಾನದ ನಿಯತಕಾಲಿಕೆಯೊಂದರಲ್ಲಿ ಬರೆದ ಲೇಖನ, ನಿಷೇಧಿತ ಮಾತ್ರೆ ತೆರವು ಮಾಡಿದ ಜಾಗಕ್ಕೆ ಟ್ಯಾಪೆಂಟಡಾಲ್ ಬಂದು ಕೂರುವುದೇ ಎಂಬ ಪ್ರಶ್ನೆಯನ್ನೆತ್ತಿತು. ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವವರಲ್ಲಿ ಅಪಾಯ ಇಮ್ಮಡಿಯಾಗುತ್ತದೆ: ನುಂಗಲೆಂದು ಮಾಡಿದ ಮಾತ್ರೆಯ ಕರಗದ ಪುಡಿ ರಕ್ತನಾಳವನ್ನು ಮುಚ್ಚಿ ಕೀವುಗಟ್ಟಿಸುತ್ತದೆ, ಹಂಚಿಕೊಂಡ ಸೂಜಿ ಎಚ್‌ಐವಿ ಹಾಗೂ ಹೆಪಟೈಟಿಸ್ ಸಿ ಸೋಂಕುಗಳನ್ನು ಹೊತ್ತು ತರುತ್ತದೆ. ಒಂದೊಂದೇ ಔಷಧದ ಹಿಂದೆ ಓಡುವ ಕಾನೂನು ಸದಾ ಒಂದು ಹೆಜ್ಜೆ ಹಿಂದೆಯೇ ಉಳಿದಿದೆ ಎನ್ನದೆ ವಿಧಿಯಿಲ್ಲ.

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಈ ಬದಲಾವಣೆಯನ್ನು ಅಂಕಿಗಳಲ್ಲಿ ತೋರಿಸಿತು: ದೇಶದ ಜನರಲ್ಲಿ ಹೆರಾಯಿನ್ ಬಳಸುವವರು ಶೇ. 1.14, ಔಷಧರೂಪದ ಒಪಿಯಾಯ್ಡ್ ಬಳಸುವವರು ಶೇ. 0.96, ಅಫೀಮು ಬಳಸುವವರು ಶೇ. 0.52.

ಚಿಕಿತ್ಸೆಯ ಹಳೆಯ ಕ್ರಮವೆಂದರೆ ಕೆಲವು ದಿನ ಒಳರೋಗಿಯಾಗಿಟ್ಟು, ಹಿಂತೆಗೆತದ ಯಾತನೆಯನ್ನು ತಗ್ಗಿಸಿ, ಮನೆಗೆ ಕಳಿಸುವುದು. ಹಾಗೆ ಹೊರಬಂದವರಲ್ಲಿ ಬಹುಮಂದಿ ಚಟಕ್ಕೆ ಮರಳುತ್ತಾರೆ. ಸಹಿಷ್ಣುತೆ ಇಳಿದಿರುವ ದೇಹಕ್ಕೆ ಹಳೆಯ ಪ್ರಮಾಣವನ್ನೇ ಕೊಟ್ಟರೆ ಉಸಿರು ನಿಲ್ಲುವ ಸಂಭವವೂ ಉಂಟು. ನ್ಯೂಯಾರ್ಕಿನಲ್ಲಿ 1960ರ ದಶಕದಲ್ಲಿ ಡೋಲ್ ಮತ್ತು ನಿಸ್ವಾಂಡರ್ ಎಂಬ ವೈದ್ಯರು ಮೆಥಡೋನ್ ಮೂಲಕ ತೋರಿಸಿದ ಬದಲಿ ಔಷಧದ ಮಾರ್ಗ ಇಲ್ಲಿ ಮುಖ್ಯವಾಗಿ ಬ್ಯುಪ್ರೆನಾರ್ಫಿನ್ ರೂಪದಲ್ಲಿ ನೆಲೆಯೂರಿದೆ. ಮಿದುಳಿನಲ್ಲಿ ಒಪಿಯಾಯ್ಡ್‌ಗಳು ಅಂಟಿಕೊಳ್ಳುವ ಗ್ರಾಹಕಗಳಿಗೆ ಬಲವಾಗಿ ಅಂಟಿದರೂ ಅವುಗಳನ್ನು ಅರ್ಧಮರ್ಧವಾಗಿಯಷ್ಟೇ ಎಚ್ಚರಿಸುವ ಈ ಔಷಧ, ಹಂಬಲವನ್ನು ತಣಿಸುತ್ತದೆ. ಒಂದು ಮಿತಿಯಾಚೆಗೆ ಪ್ರಮಾಣ ಹೆಚ್ಚಿಸಿದರೂ ಉಸಿರಾಟವನ್ನು ಅದೇ ಅನುಪಾತದಲ್ಲಿ ಕುಗ್ಗಿಸುವುದಿಲ್ಲ. ಹಿಂತೆಗೆತದ ಲಕ್ಷಣಗಳು ಕಾಣುವ ಮೊದಲೇ ಕೊಟ್ಟರೆ ಅವನ್ನೇ ಕೆರಳಿಸುವುದರಿಂದ ಮೊದಲ ಮಾತ್ರೆಯ ಸಮಯವನ್ನು ವೈದ್ಯರೇ ನಿರ್ಧರಿಸಬೇಕು. ನಾಲಿಗೆಯಡಿ ಇಡುವ ಈ ಮಾತ್ರೆಗೆ ಒಪಿಯಾಯ್ಡ್‌ಗಳ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಬೆರೆಸಿರುವುದೂ ಒಂದು ಉಪಾಯ: ಕರಗಿಸಿ ಚುಚ್ಚಿಕೊಂಡವನಿಗೆ ಹಿತದ ಬದಲು ಯಾತನೆ ಸಿಗುತ್ತದೆ.

ಬ್ಯುಪ್ರೆನಾರ್ಫಿನ್ ಕೂಡ ಒಪಿಯಾಯ್ಡೇ ಆದ್ದರಿಂದ ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ ಇದರ ವಿತರಣೆಗೆ ಅವಕಾಶವಿದೆ. ಅಂಥ ಕೇಂದ್ರಗಳಲ್ಲೊಂದಾದ, 1991ರಲ್ಲಿ ವ್ಯಸನಮುಕ್ತಿ ಘಟಕವನ್ನು ಆರಂಭಿಸಿದ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಶಿವಾಜಿನಗರದ ದಿನಗೂಲಿಯವನು ಅಲ್ಲಿಗೆ ಹೋಗಿ ಸರದಿಯಲ್ಲಿ ನಿಂತರೆ ಅಂದಿನ ಕೂಲಿ ಹೋದಂತೆಯೇ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಮುಂದುವರಿಯಬೇಕಾದ ಈ ಚಿಕಿತ್ಸೆಯಲ್ಲಿ ಒಮ್ಮೆಗೆ ಎಷ್ಟು ದಿನದ ಮಾತ್ರೆಯನ್ನು ಮನೆಗೆ ಕೊಟ್ಟು ಕಳಿಸಬಹುದೆಂಬುದು, ಮಾತ್ರೆಯ ಪ್ರಮಾಣದಷ್ಟೇ ಎಚ್ಚರದಿಂದ ವೈದ್ಯರು ತೂಗಿನೋಡಬೇಕಾದ ಪ್ರಶ್ನೆಯಾಗಿದೆ.